ದೊಡ್ಡಮ್ಮ ತೊಳೆದ ಹಕ್ಕಿತಟ್ಟೆ

ನಮ್ಮ ಪಕ್ಕದ ಮನೆಯ ಟೈಲರಮ್ಮ ಆ ವರ್ಷ ಹಿತ್ತಿಲಲ್ಲಿ ಎರಡು ಪಾತಿ ಎಲೆಕೋಸು ಹಾಕಿದ್ದಳು. ಗಿಡ ಚೆನ್ನಾಗಿಯೇ ಎದ್ದಿತು, ಎಲೆ ಬಿಚ್ಚಿತು, ಆಮೇಲೆ ಹುಳ ಬಿತ್ತು. ಸಂಜೆ ನೋಡಿದಾಗ ಇದ್ದ ಎಲೆ ಬೆಳಿಗ್ಗೆ ಎದ್ದು ನೋಡಿದರೆ ಜರಡಿ. ನಮ್ಮ ಬೀದಿಯಲ್ಲಿ ನಾಲ್ಕು ಗಿಡ ಬೆಳೆಸುವವರಿಗೆಲ್ಲ ಇದೇ ಗೋಳು. ಔಷಧಿ ಹೊಡೆಯೋಣವೆಂದರೆ ಅದೇ ಎಲೆಯನ್ನು ನಾಳೆ ಮಕ್ಕಳ ತಟ್ಟೆಗೆ ಹಾಕಬೇಕು. ಹೊಡೆಯದೆ ಬಿಟ್ಟರೆ ನಮಗೆ ಉಳಿಯುವುದು ದಂಟು ಮಾತ್ರ. ಟೈಲರಮ್ಮ ದಿನಾ ಹೊಲಿಗೆ ಶುರುಮಾಡುವ ಮುಂಚೆ ಒಂದು ಕಡ್ಡಿ ಹಿಡಿದು ಹುಳ ಆರಿಸುತ್ತಿದ್ದಳು. ಅವಳು ಹತ್ತು ಆರಿಸಿದರೆ ಇಪ್ಪತ್ತು ಹುಟ್ಟುತ್ತಿದ್ದವು.

ಪಶು ಆಸ್ಪತ್ರೆಯ ಕಾಂಪೌಂಡರಣ್ಣ ಅವಳ ಹಳೆಯ ಗಿರಾಕಿ. ಒಂದು ದಿನ ಪ್ಯಾಂಟಿನ ಉದ್ದ ಕಡಿಮೆ ಮಾಡಿಸಲು ಬಂದವನು ಕಿಟಕಿಯಿಂದ ಆ ಪಾತಿಗಳನ್ನು ನೋಡಿದ. ಇಷ್ಟು ಹುಳ ಇದ್ದರೂ ಒಂದೂ ಹಕ್ಕಿ ಇಳಿಯುತ್ತಿಲ್ಲವಲ್ಲ ಎಂದು ಕೇಳಿದ. ಬೀದಿಯ ಮರಗಳೆಲ್ಲ ಹೋದ ಮೇಲೆ ಹಕ್ಕಿ ಯಾವ ಕಡೆಯಿಂದ ಬರಬೇಕು ಎಂದಳು ಟೈಲರಮ್ಮ.

"ಕರೆದ್ರೆ ಬರ್ತವೆ ಅಕ್ಕ," ಎಂದ ಅವನು. "ಒಂದು ತಟ್ಟೆ ನೀರು, ಒಂದು ಹಿಡಿ ಕಾಳು ಇಟ್ಟು ನೋಡು. ಗುಬ್ಬಿ ತಾನು ಕಾಳು ತಿಂದ್ರೂ ಮರಿಗೆ ಹುಳಾನೇ ಹಿಡಿದುಕೊಂಡು ಹೋಗೋದು. ಹುಳ ಪೂರ್ತಿ ಹೋಗುತ್ತೆ ಅಂತ ಹೇಳಲ್ಲ. ನಿನ್ನ ಕೈಗೆ ಸ್ವಲ್ಪ ಬಿಡುವು ಸಿಗುತ್ತೆ."

ಒಳಗಿನಿಂದ ಅವಳ ಅತ್ತೆ ಇದನ್ನು ಕೇಳಿಸಿಕೊಂಡರು. ಅವರನ್ನು ನಾವೆಲ್ಲ ದೊಡ್ಡಮ್ಮ ಎಂದೇ ಕರೆಯುವುದು. ದೊಡ್ಡಾಸ್ಪತ್ರೆಯಲ್ಲಿ ಕೆಲಸ ಮಾಡಿ ನಾಲ್ಕು ವರ್ಷದ ಹಿಂದೆ ನಿವೃತ್ತರಾದವರು. ಮಾತು ಕಡಿಮೆ, ಆಡಿದರೆ ಮಾತ್ರ ಸೂಜಿ. ಹಕ್ಕಿ ಬಂದರೆ ಹಿಕ್ಕೆ ಬರುತ್ತದೆ, ಕಾಳು ಚೆಲ್ಲಿದರೆ ಇಲಿ ಬರುತ್ತದೆ, ಇಲಿ ಬಂದರೆ ಇನ್ನೇನೇನೋ ಬರುತ್ತದೆ ಎಂದು ಬಾಗಿಲಲ್ಲೇ ನಿಂತು ಹೇಳಿದರು.

"ಮನೆಗೆ ಬರೋ ನೆಂಟರೇ ಸಾಲದೇನೇ? ಮರದ ಮೇಲಿರೋರನ್ನೂ ಕರೀಬೇಕಾ?"

ಆದರೆ ಸೊಸೆ ಹಿಡಿದ ಹಟ ಬಿಡುವವಳಲ್ಲ. ಅವಳ ಗಂಡ ಬಸ್ ಡಿಪೋದಲ್ಲಿ ಮೆಕ್ಯಾನಿಕ್. ಭಾನುವಾರ ಕೂತು ಹಳೆಯ ಪೈಪಿನ ಮೇಲೆ ಅಗಲವಾದ ತಗಡಿನ ತಟ್ಟೆಯೊಂದನ್ನು ಕೂರಿಸಿದ. ಮಳೆನೀರು ಇಳಿದುಹೋಗಲು ತಟ್ಟೆಗೆ ನಾಲ್ಕು ತೂತು ಕೊರೆದ. ಅದನ್ನು ಹಿತ್ತಿಲಿನ ದಾಸವಾಳದ ಗಿಡದ ಪಕ್ಕ ನೆಟ್ಟರು. ಟೈಲರಮ್ಮ ನುಚ್ಚಕ್ಕಿ, ಒಡೆದ ಜೋಳ ಹಾಕಿದಳು. ಕೆಳಗೆ ಮಣ್ಣಿನ ಬಟ್ಟಲಲ್ಲಿ ನೀರಿಟ್ಟಳು.

ಒಂಬತ್ತು ದಿನ ಒಂದು ರೆಕ್ಕೆಯೂ ಆ ಕಡೆ ಸುಳಿಯಲಿಲ್ಲ. ದೊಡ್ಡಮ್ಮ ದಿನಾ ಬೆಳಿಗ್ಗೆ ಖಾಲಿ ಹಿತ್ತಿಲು ನೋಡಿ, ಕರೆಯೋಲೆ ಹಂಚುವುದನ್ನು ಮರೆತಿರಬೇಕು ಎನ್ನುತ್ತಿದ್ದರು. ಕಾಂಪೌಂಡರಣ್ಣ ಇನ್ನೊಮ್ಮೆ ಬಂದಾಗ ಕಾರಣ ಹುಡುಕಿದ. ದಾಸವಾಳದ ಬುಡದಲ್ಲಿ ಒಂದು ಬೆಕ್ಕು ಕಣ್ಣು ಮುಚ್ಚಿ ಋಷಿಯ ಹಾಗೆ ಕೂತಿತ್ತು. ಹೇಳಲು ನಾಚಿಕೆಯಾಗುತ್ತದೆ, ಆ ಬೆಕ್ಕು ನಮ್ಮದೇ. ಅಡಗಲು ಜಾಗ ಇರುವ ಕಡೆ ತಟ್ಟೆ ಇಟ್ಟರೆ ಹಕ್ಕಿ ಊಟಕ್ಕೆ ಬರುತ್ತದೋ, ಊಟವಾಗಲು ಬರುತ್ತದೋ ಎಂದು ಅವನು ನಕ್ಕ. ತಟ್ಟೆಯನ್ನು ಗಿಡದಿಂದ ನಾಲ್ಕೈದು ಮಾರು ದೂರ, ಸುತ್ತಲೂ ಬಯಲು ಕಾಣುವ ಕಡೆಗೆ ಸರಿಸಿದರು. ಬೆಕ್ಕು ಹತ್ತದ ಹಾಗೆ ಪೈಪಿನ ನಡುವೆ ಕೊಡೆಯಂತೆ ಬಾಗಿಸಿದ ತಗಡೊಂದನ್ನು ಕಟ್ಟಿದರು.

ಅದಾದ ಮೂರನೆಯ ಬೆಳಿಗ್ಗೆ ಒಂದು ಗಂಡು ಗುಬ್ಬಿ ತಟ್ಟೆಯ ಅಂಚಿಗೆ ಬಂದು ಕೂತಿತು. ಆ ಕಡೆ ಈ ಕಡೆ ನೋಡಿತು, ಒಂದು ಕಾಳು ಹೆಕ್ಕಿತು, ಹಾರಿಹೋಯಿತು. ಸ್ವಲ್ಪ ಹೊತ್ತಿಗೆ ಮೂರು ಬಂದವು. ಟೈಲರಮ್ಮ ಅಳತೆ ಪಟ್ಟಿಯನ್ನು ಕೊರಳಿಗೆ ಹಾಕಿಕೊಂಡೇ ನಮ್ಮ ಮನೆಗೆ ಓಡಿ ಬಂದು, ಬಾಯಿಗೆ ಬೆರಳಿಟ್ಟು, ಸದ್ದಿಲ್ಲದೆ ನನ್ನನ್ನು ಕರೆದುಕೊಂಡು ಹೋಗಿ ತೋರಿಸಿದಳು. ಮೂರು ವಾರ ಕಳೆಯುವ ಹೊತ್ತಿಗೆ ಗುಬ್ಬಿ, ಪಾರಿವಾಳ, ಹೆಸರು ಗೊತ್ತಿಲ್ಲದ ಒಂದು ಹಳದಿ ಹೊಟ್ಟೆಯ ಪುಟ್ಟ ಹಕ್ಕಿ, ಎಲ್ಲ ಸೇರಿ ಮೂವತ್ತಕ್ಕೆ ಕಡಿಮೆಯಿಲ್ಲ. ಎಲೆಕೋಸಿನ ಪಾತಿಯಲ್ಲೂ ಗುಬ್ಬಿಗಳು ಕುಪ್ಪಳಿಸತೊಡಗಿದವು.

ಅವಳ ಹಿಗ್ಗು ಕೇಳಬೇಕೆ? ಬಟ್ಟೆ ಹೊಲಿಸಲು ಬಂದವರೆಲ್ಲ ಮೊದಲು ಹಿತ್ತಿಲಿಗೆ ಹೋಗಿ ಹಕ್ಕಿ ನೋಡಬೇಕು, ಆಮೇಲೆ ಅಳತೆ. ಬಂದವರು ಬರಿಗೈಯಲ್ಲಿ ಬರುವುದನ್ನೂ ಬಿಟ್ಟರು. ಒಬ್ಬರು ಒಣಗಿದ ಬ್ರೆಡ್ ತಂದರು, ಒಬ್ಬರು ಉಪ್ಪು ಹಾಕಿ ಕರಿದ ತಿಂಡಿಯ ಚೂರು ತಂದರು, ನಾನು ನಿನ್ನೆಯ ಅನ್ನ ತಂದೆ. ಎಲ್ಲವೂ ತಟ್ಟೆಗೆ. ಹಳೆಯದರ ಮೇಲೆ ಹೊಸದು, ಅದರ ಮೇಲೆ ಇನ್ನಷ್ಟು. ಕೈ ತುಂಬಾ ಕೊಟ್ಟರೆ ಪುಣ್ಯ ಎಂದುಕೊಂಡಿದ್ದೆವು. ತಟ್ಟೆಯನ್ನು ತೊಳೆಯಬೇಕೆಂದು ಯಾರಿಗೂ ಹೊಳೆಯಲಿಲ್ಲ.

ನಡುವೆ ಎರಡು ದಿನ ಬಿಡದೆ ಮಳೆ ಬಂತು. ಮಳೆ ನಿಂತ ಮೂರನೆಯ ದಿನ ತಟ್ಟೆಯ ಮೇಲೆ ಒಂದು ಗುಬ್ಬಿ ಮೈ ಉಬ್ಬಿಸಿಕೊಂಡು ಉಣ್ಣೆಯ ಉಂಡೆಯ ಹಾಗೆ ಕೂತಿತ್ತು. ಟೈಲರಮ್ಮ ಹತ್ತಿರ ಹೋದರೂ ಹಾರಲಿಲ್ಲ. ಕಣ್ಣು ಅರ್ಧ ಮುಚ್ಚಿತ್ತು. ಮರುದಿನ ಬೆಳಿಗ್ಗೆ ಪೈಪಿನ ಬುಡದಲ್ಲಿ ಎರಡು ಗುಬ್ಬಿ ಸತ್ತು ಬಿದ್ದಿದ್ದವು. ನೀರಿನ ಬಟ್ಟಲಿನ ಪಕ್ಕ ಇನ್ನೊಂದು.

ಮೊದಲು ಎಲ್ಲರ ಕಣ್ಣು ನಮ್ಮ ಬೆಕ್ಕಿನ ಮೇಲೆ ಹೋಯಿತು. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ ಎಂದು ಎದುರು ಮನೆಯವರು ನನಗೆ ಕೇಳಿಸುವ ಹಾಗೆಯೇ ಅಂದರು. ಆದರೆ ಸತ್ತ ಹಕ್ಕಿಗಳ ಮೈಮೇಲೆ ಒಂದು ಗೀರೂ ಇರಲಿಲ್ಲ. ಅದು ತಿಳಿದ ಮೇಲೆ ಭಯ ಇನ್ನೂ ಹೆಚ್ಚಾಯಿತು. ಇದೇನೋ ರೋಗ, ನಾಳೆ ಮಕ್ಕಳಿಗೆ ಬಂದರೆ ಯಾರು ಹೊಣೆ ಎಂದು ಜನ ಅವಳ ಮನೆ ಬಾಗಿಲಿಗೆ ಬಂದರು. ತಟ್ಟೆ ಕಿತ್ತು ಬಿಸಾಡು ಎಂದರು. ಸುಳ್ಳು ಯಾಕೆ ಹೇಳಲಿ, ನಾನೂ ಅದನ್ನೇ ಅಂದೆ.

ಟೈಲರಮ್ಮ ಆ ದಿನ ಹೊಲಿಗೆ ಯಂತ್ರದ ಮುಂದೆ ಕೂರಲಿಲ್ಲ. ಗಂಡ ಸಮಾಧಾನ ಮಾಡಲು ಹೋದರೆ, "ಊಟಕ್ಕೆ ಅಂತ ಕರೆದು ಕೊಂದೆನಲ್ಲ," ಎಂದಳು. ಅವಳ ಅತ್ತೆಗೆ ಈಗ 'ನಾನು ಹೇಳಿರಲಿಲ್ಲವಾ' ಎನ್ನಲು ಒಳ್ಳೆಯ ಅವಕಾಶವಿತ್ತು. ದೊಡ್ಡಮ್ಮ ಹಾಗೆ ಅನ್ನಲಿಲ್ಲ. ಸೊಸೆಯ ಮುಂದೆ ಒಂದು ಲೋಟ ಚಹಾ ಇಟ್ಟು ಹೋದರು.

ಮಧ್ಯಾಹ್ನ ಕಾಂಪೌಂಡರಣ್ಣ ಬಂದ. ಸತ್ತ ಹಕ್ಕಿಗಳನ್ನು ಬರಿಗೈಯಲ್ಲಿ ಮುಟ್ಟಬೇಡಿ ಎಂದು ಎಲ್ಲರಿಗೂ ಹೇಳಿದ. ಒಂದು ಕಡ್ಡಿಯಿಂದ ತಟ್ಟೆಯ ಮೇಲಿನ ಕಾಳು ಸರಿಸಿದ. ಮೇಲೆ ಹೊಸ ಕಾಳು, ಕೆಳಗೆ ಹಸಿರು ಬೂಷ್ಟು. ಮಳೆಯಲ್ಲಿ ನೆಂದ ಅನ್ನ, ಬ್ರೆಡ್ಡು ಸೇರಿ ತೂತುಗಳೆಲ್ಲ ಮುಚ್ಚಿಹೋಗಿದ್ದವು. ಎಲ್ಲದರ ಮೇಲೂ ಹಿಕ್ಕೆ. ನೀರಿನ ಬಟ್ಟಲಿನ ಒಳಗೆ ಪಾಚಿ.

"ಹಕ್ಕಿಗಳು ತಿನ್ನೋದೂ ಇಲ್ಲೇ, ಹಿಕ್ಕೆ ಹಾಕೋದೂ ಇಲ್ಲೇ," ಎಂದ ಅವನು. "ಎಲ್ಲಿಂದಲೋ ಒಂದು ಹಕ್ಕಿ ಕಾಯಿಲೆ ತಂದಿರುತ್ತೆ. ಕೊಳಕು ತಟ್ಟೆ ಅದನ್ನ ಉಳಿದೋರಿಗೆಲ್ಲ ಹಂಚುತ್ತೆ. ಅಕ್ಕ, ನೀನು ಕರೆದಿದ್ದು ತಪ್ಪಲ್ಲ. ತೊಳೀದೆ ಬಿಟ್ಟಿದ್ದು ತಪ್ಪಾಯ್ತು. ಅದನ್ನ ನಾನೂ ಮೊದಲೇ ಬಿಡಿಸಿ ಹೇಳಬೇಕಿತ್ತು."

ದೊಡ್ಡಮ್ಮ ಹಿಂದಿನ ಬಾಗಿಲಿನ ಮೆಟ್ಟಿಲ ಮೇಲೆ ನಿಂತಿದ್ದರು. ನಿಧಾನವಾಗಿ ಇಳಿದು ಬಂದು ತಟ್ಟೆಯನ್ನು ಬಗ್ಗಿ ನೋಡಿದರು. ಅಂಚನ್ನು ನೋಡಿದರು, ತೂತುಗಳನ್ನು ನೋಡಿದರು, ತಟ್ಟೆಯ ಅಡಿಭಾಗವನ್ನೂ ನೋಡಿದರು.

"ಇದು ವಾರ್ಡಿನ ಕಾಯಿಲೆ," ಎಂದರು. "ಒಂದು ಮಂಚದಿಂದ ಇನ್ನೊಂದು ಮಂಚಕ್ಕೆ ಹೋಗೋದು. ರೋಗಿಗಳನ್ನ ಬೈದು ಏನು ಮಾಡ್ತೀರಿ? ನೆಲ ಒರೆಸೋರು ಸರಿಯಾಗಿ ಒರೆಸಬೇಕು."

ಅವರು ಒಳಗೆ ಹೋಗಿ ತಮ್ಮ ಟ್ರಂಕು ತೆಗೆದರು. ಒಂದು ಜೊತೆ ಉದ್ದನೆಯ ರಬ್ಬರ್ ಕೈಗವಸು, ಗಟ್ಟಿ ಕೂದಲಿನ ಒಂದು ಬ್ರಷ್ಷು, ಮೂಗು ಬಾಯಿಗೆ ಕಟ್ಟುವ ಬಟ್ಟೆ ಹೊರಗೆ ಬಂದವು. ಮಗ ಬೇಡವೆಂದ. ಮೂವತ್ತೊಂದು ವರ್ಷ ಇದೇ ಕೆಲಸ ಮಾಡಿದ್ದು ಸಾಕು, ಇನ್ನು ನಿನ್ನ ಕೈಗೆ ಬ್ರಷ್ಷು ಕೊಡುವುದಿಲ್ಲ ಎಂದು ನಿವೃತ್ತಿಯ ದಿನವೇ ಹೇಳಿದ್ದೆನಲ್ಲ ಎಂದ. ಆಗಲೇ ನನಗೆ ತಿಳಿದದ್ದು. ಆಸ್ಪತ್ರೆಯಲ್ಲಿದ್ದೆ ಎಂದು ದೊಡ್ಡಮ್ಮ ಹೇಳಿದಾಗಲೆಲ್ಲ ನಾವು ನರ್ಸ್ ಆಗಿದ್ದರೇನೋ ಅಂದುಕೊಂಡಿದ್ದೆವು. ಅವರು ವಾರ್ಡ್ ತೊಳೆಯುವ ಕೆಲಸದಲ್ಲಿದ್ದರು. ಅದನ್ನು ಅವರು ಯಾರಿಗೂ ಹೇಳಿರಲಿಲ್ಲ, ಮಗ ಸೊಸೆಯೂ ಹೇಳಿರಲಿಲ್ಲ.

"ಆ ಕೆಲಸ ನಂಗೆ ಬೇಜಾರು ಅಂತ ಯಾವಾಗ ಹೇಳಿದೆ ನಾನು?" ಎಂದರು ದೊಡ್ಡಮ್ಮ, ಮಗನ ಮುಖ ನೋಡದೆ. "ಬೇಜಾರಾಗಿದ್ದು ನಿಂಗೆ."

ಮಗ ಸರಿದು ದಾರಿ ಬಿಟ್ಟ.

ಆ ಮಧ್ಯಾಹ್ನ ಅವರು ಕೆಲಸ ಮಾಡಿದ ರೀತಿಯನ್ನು ನಾವು ಬೇಲಿಯ ಈಚೆ ನಿಂತು ನೋಡಿದೆವು. ಸತ್ತ ಹಕ್ಕಿಗಳನ್ನು ಗವಸು ಹಾಕಿದ ಕೈಯಿಂದ ಎತ್ತಿ, ಬೆಕ್ಕು ನಾಯಿ ಕೆದಕದಷ್ಟು ಆಳದ ಗುಂಡಿಯಲ್ಲಿ ಹೂತರು. ಕೆಳಗೆ ಬಿದ್ದ ಹಳೆಯ ಕಾಳನ್ನೆಲ್ಲ ಗುಡಿಸಿ ಚೀಲಕ್ಕೆ ತುಂಬಿ ಬಾಯಿ ಕಟ್ಟಿದರು. ತಟ್ಟೆಯನ್ನು ಬಿಚ್ಚಿ, ಸೋಪಿನ ಬಿಸಿನೀರು ಹಾಕಿ ತಿಕ್ಕಿದರು. ಕೊಳೆ ಹೋಗುವ ಮುಂಚೆ ಬ್ಲೀಚ್ ಹಾಕಿದರೆ ಅದು ಹುಣಸೆಹಣ್ಣನ್ನು ಹೊಳೆಯಲ್ಲಿ ತೊಳೆದ ಹಾಗೆ, ಮೊದಲು ತಿಕ್ಕಬೇಕು ಎಂದು ಸೊಸೆಗೆ ಹೇಳಿಕೊಟ್ಟರು. ಸೋಪನ್ನು ಪೂರ್ತಿ ತೊಳೆದ ಮೇಲೆ ಒಂದು ಲೋಟ ಬ್ಲೀಚ್ ದ್ರವಕ್ಕೆ ಒಂಬತ್ತು ಲೋಟ ನೀರು ಬೆರೆಸಿ, ತಟ್ಟೆಯನ್ನೂ ಬಟ್ಟಲನ್ನೂ ಹತ್ತು ನಿಮಿಷ ಅದರಲ್ಲಿ ಮುಳುಗಿಸಿಟ್ಟರು. ಆ ನೀರಿಗೆ ಬೇರೆ ಯಾವ ಔಷಧಿಯನ್ನೂ ಬೆರೆಸಬಾರದು ಎಂದರು. ಆಮೇಲೆ ವಾಸನೆ ಹೋಗುವವರೆಗೆ ನಾಲ್ಕು ಸಲ ಒಳ್ಳೆಯ ನೀರಲ್ಲಿ ಜಾಲಿಸಿ ಬಿಸಿಲಿಗೆ ಮಗುಚಿಟ್ಟರು. ಕೊನೆಗೆ ಕೈಯನ್ನು ಮೊಣಕೈವರೆಗೆ ತೊಳೆದುಕೊಂಡರು. ಯಾವ ಹೆಜ್ಜೆಯಲ್ಲೂ ಅವಸರವಿಲ್ಲ, ಯಾವ ಕೈಚಲನೆಯೂ ದಂಡವಲ್ಲ.

ಕಾಂಪೌಂಡರಣ್ಣ ಎರಡು ವಾರ ಕಾಳೂ ಬೇಡ, ನೀರೂ ಬೇಡ ಎಂದಿದ್ದ. ಹಕ್ಕಿಗಳು ಒಂದೇ ಕಡೆ ಗುಂಪು ಸೇರದೆ ಚದುರಿಹೋಗಲಿ, ಆಗ ಕಾಯಿಲೆ ಹರಡುವುದಿಲ್ಲ ಎಂಬುದು ಅವನ ಮಾತು. ಆ ಎರಡು ವಾರ ಟೈಲರಮ್ಮನಿಗೆ ಕಷ್ಟದ ದಿನಗಳು. ಗುಬ್ಬಿಗಳು ಬಂದು ಖಾಲಿ ಪೈಪಿನ ಮೇಲೆ ಕೂತು ಚೀಂಗುಟ್ಟುತ್ತಿದ್ದವು. ಒಂಬತ್ತನೆಯ ದಿನ ಅವಳಿಂದ ತಡೆಯಲಾಗಲಿಲ್ಲ. ಮೆಲ್ಲಗೆ ಒಂದು ಹಿಡಿ ನುಚ್ಚು ತೆಗೆದುಕೊಂಡು ಹಿತ್ತಿಲಿಗೆ ಇಳಿದಳು. ಅತ್ತೆ ಅಲ್ಲೇ ಕೂತಿದ್ದರು.

"ವಾರ್ಡು ಮುಚ್ಚಿದ್ರೆ ಮುಚ್ಚಿದ್ದೇ," ಎಂದರು. "ಒಂದು ಸಲ ದೊಡ್ಡ ಡಾಕ್ಟರು ಕೆಸರು ಬೂಟಲ್ಲಿ ಬಂದ್ರು. ಬಾಗಿಲಿಗೆ ಅಡ್ಡ ನಿಂತೆ. ಬೂಟು ಬಿಚ್ಚಿಸಿದ ಮೇಲೇ ಒಳಗೆ ಬಿಟ್ಟಿದ್ದು. ನಿನ್ನ ಮುಷ್ಟಿ ನೋಡಿ ಬಿಡ್ತೀನಾ?"

ಟೈಲರಮ್ಮ ನುಚ್ಚನ್ನು ಡಬ್ಬಕ್ಕೆ ಸುರಿದು ಬಂದು ಅತ್ತೆಯ ಪಕ್ಕ ಮೆಟ್ಟಿಲ ಮೇಲೆ ಕೂತಳು. ಡಾಕ್ಟರು ಆಮೇಲೆ ಏನಂದರು ಎಂದು ಕೇಳಿದಳು. ಮದುವೆಯಾಗಿ ಹನ್ನೆರಡು ವರ್ಷವಾಗಿದ್ದರೂ ಅವಳು ಅತ್ತೆಯ ಕೆಲಸದ ಬಗ್ಗೆ ಕೇಳಿದ್ದು ಅದೇ ಮೊದಲಂತೆ. ಆ ಸಂಜೆ ದೀಪ ಹಚ್ಚುವವರೆಗೂ ದೊಡ್ಡಮ್ಮ ಹೇಳಿದರು, ಇವಳು ಕೇಳಿದಳು. ಸುಟ್ಟಗಾಯದ ವಾರ್ಡಿನಲ್ಲಿ ಒಂದು ಚಳಿಗಾಲ ಪೂರ್ತಿ ಒಬ್ಬ ರೋಗಿಗೂ ಗಾಯ ಕೀವು ಕಟ್ಟದಂತೆ ನೋಡಿಕೊಂಡದ್ದು, ಹೊಸ ನರ್ಸುಗಳಿಗೆ ಚಾದರ ಬದಲಿಸುವುದನ್ನು ಕಲಿಸಿದ್ದು, ಎಲ್ಲ.

ಹದಿನೈದನೆಯ ದಿನ ತಟ್ಟೆ ಮತ್ತೆ ಏರಿತು. ಈ ಸಲ ಒಂದಲ್ಲ, ಎರಡು ತಟ್ಟೆ. ಮಗ ಇನ್ನೊಂದನ್ನು ತಾನಾಗಿಯೇ ಮಾಡಿ ತಂದಿದ್ದ. ಒಂದು ಬಳಕೆಯಲ್ಲಿದ್ದರೆ ಇನ್ನೊಂದು ತೊಳೆದು ಬಿಸಿಲಲ್ಲಿ. ಆಸ್ಪತ್ರೆಯ ಚಾದರದ ಲೆಕ್ಕವೇ ಇದೂ ಎಂದರು ದೊಡ್ಡಮ್ಮ. ಸಂಜೆಗೆ ಖಾಲಿಯಾಗುವಷ್ಟು ಕಾಳು ಮಾತ್ರ. ಉಪ್ಪಿನದು, ಎಣ್ಣೆಯದು, ಬ್ರೆಡ್ಡು, ಹಳಸಿದ ಅನ್ನ ಯಾವುದೂ ಇಲ್ಲ. ನಾನು ಅಭ್ಯಾಸದ ಮೇಲೆ ಅನ್ನದ ಪಾತ್ರೆ ಹಿಡಿದು ಹೋದಾಗ, ಹಾಳಾದ ಊಟವನ್ನು ನಿನ್ನ ನೆಂಟರಿಗೆ ಬಡಿಸುತ್ತೀಯಾ ಎಂದು ಕೇಳಿ ವಾಪಸು ಕಳಿಸಿದರು. ನೀರು ದಿನಾ ಬದಲು, ಬಟ್ಟಲು ದಿನಾ ತಿಕ್ಕುವುದು, ತಟ್ಟೆ ವಾರಕ್ಕೊಮ್ಮೆ ಪೂರ್ತಿ ಶುಚಿ, ಮಳೆ ಬಂದರೆ ಅದೇ ದಿನ.

ಮೊದಲ ದಿನ ಎರಡು ಗುಬ್ಬಿ ಬಂದವು. ವಾರಕ್ಕೆ ಹತ್ತಾದವು. ತಿಂಗಳಿಗೆ ಹಿತ್ತಿಲು ಮತ್ತೆ ತುಂಬಿತು. ಆಮೇಲೆ ಇಲ್ಲಿಯವರೆಗೆ ಮೈ ಉಬ್ಬಿಸಿಕೊಂಡು ಕೂತ ಹಕ್ಕಿ ಅಲ್ಲಿ ಒಂದೂ ಕಂಡಿಲ್ಲ. ಎಲೆಕೋಸಿನಲ್ಲಿ ಹುಳ ಪೂರ್ತಿ ಹೋಗಲಿಲ್ಲ, ಕಾಂಪೌಂಡರಣ್ಣ ಹೇಳಿದ್ದ ಹಾಗೆಯೇ. ಆದರೂ ಆ ಪಾತಿಯಿಂದ ಎರಡು ಒಳ್ಳೆಯ ಗಡ್ಡೆ ನಮ್ಮ ಮನೆಗೂ ಬಂದವು.

ಸುದ್ದಿ ಪಶು ಆಸ್ಪತ್ರೆಯ ಡಾಕ್ಟರಮ್ಮನಿಗೆ ಮುಟ್ಟಿತು. ಅವರು ಬಂದು ನೋಡಿದರು, ತಟ್ಟೆಯ ಅಂಚಿಗೆ ಬೆರಳು ಹಚ್ಚಿಯೂ ನೋಡಿದರು. ನಮ್ಮ ಬಡಾವಣೆಯ ಮಹಿಳಾ ಸಂಘದ ಸಭೆಯಲ್ಲಿ ಇದನ್ನು ಎಲ್ಲರಿಗೂ ತೋರಿಸಿಕೊಡಬೇಕು ಎಂದು ಕೇಳಿದರು. ದೊಡ್ಡಮ್ಮ ಒಪ್ಪಲಿಲ್ಲ. ಸೊಸೆಯೇ ಹೋಗಿ ಮಾತಾಡಲಿ, ನನ್ನನ್ನು ಅಲ್ಲಿ ಯಾರೆಂದು ಹೇಳುತ್ತೀರಿ ಎಂದರು. ಟೈಲರಮ್ಮ ಏನೂ ವಾದ ಮಾಡದೆ, ಒಂದು ವಾರದಲ್ಲಿ ಅತ್ತೆಗೆ ಒಂದು ಹೊಸ ಮೇಲಂಗಿ ಹೊಲಿದಳು. ವಾರ್ಡಿನಲ್ಲಿ ಹಾಕುತ್ತಿದ್ದಂಥದೇ ನೀಲಿ ಬಣ್ಣ, ಎರಡು ದೊಡ್ಡ ಜೇಬು.

ಸಭೆಯ ದಿನ ನಲವತ್ತಕ್ಕೂ ಹೆಚ್ಚು ಹೆಂಗಸರು ಸೇರಿದ್ದರು. ದೊಡ್ಡಮ್ಮ ಆ ನೀಲಿ ಮೇಲಂಗಿ ತೊಟ್ಟು, ಬಕೆಟ್ಟು ಬ್ರಷ್ಷು ಮುಂದಿಟ್ಟುಕೊಂಡು, ತಲೆ ತಗ್ಗಿಸಿ ನಿಂತಿದ್ದರು. ಟೈಲರಮ್ಮ ಅವರ ಪಕ್ಕದಲ್ಲಿ ನಿಂತಳು. ಅಷ್ಟು ಜನರ ಮುಂದೆ ಅವಳು ಹಿಂದೆಂದೂ ಮಾತಾಡಿದವಳಲ್ಲ.

"ಇವರು ನಮ್ಮತ್ತೆ. ಮೂವತ್ತೊಂದು ವರ್ಷ ದೊಡ್ಡಾಸ್ಪತ್ರೆ ವಾರ್ಡು ತೊಳೆದೋರು. ನಾನು ಇಷ್ಟು ದಿನ ಇದನ್ನ ಬಾಯಿಬಿಟ್ಟು ಹೇಳ್ತಿರಲಿಲ್ಲ. ಅದು ನನ್ನ ದಡ್ಡತನ. ಈ ಊರಲ್ಲಿ ಅರ್ಧ ಮಕ್ಕಳು ಇವರು ತೊಳೆದ ಕೋಣೆಯಲ್ಲೇ ಹುಟ್ಟಿರೋದು. ಇಲ್ಲಿ ಕೂತಿರೋರೂ ಇದ್ದೀರಿ. ಶುಚಿ ಅಂದ್ರೆ ಏನು ಅಂತ ಇವರಿಂದ ಕಲೀರಿ, ನಾನೂ ಈಗ ಕಲೀತಿದ್ದೀನಿ."

ಹಿಂದಿನ ಸಾಲಿನಲ್ಲಿ ಕೂತಿದ್ದ ಒಬ್ಬ ತಾಯಿ ಎದ್ದು ನಿಂತು, ನನ್ನ ಮಗಳು ಅಲ್ಲೇ ಹುಟ್ಟಿದ್ದು, ಆ ದಿನ ನೆಲ ಒರೆಸುತ್ತಾ ನನಗೆ ಧೈರ್ಯ ಹೇಳಿದವರು ನೀವೇ ಅಲ್ಲವೇ ಎಂದು ಕೇಳಿದಳು. ದೊಡ್ಡಮ್ಮ ತಲೆ ಎತ್ತಿದರು. ಎಷ್ಟೋ ಜನಕ್ಕೆ ಹೇಳಿದ್ದೇನೆ, ಇರಬಹುದು ಎಂದರು. ಅಲ್ಲಿಂದ ಮುಂದೆ ಅವರ ಮಾತಿಗೆ ತಡೆಯಿರಲಿಲ್ಲ. ಒಂದು ಗಂಟೆ ತೋರಿಸಿದರು. ಇಷ್ಟೆಲ್ಲ ಯಾಕೆ, ಹಕ್ಕಿಗೇನು ಗೊತ್ತಾಗುತ್ತದೆ ಎಂದು ಯಾರೋ ಕೇಳಿದ್ದಕ್ಕೆ, "ಗೊತ್ತಾಗಲ್ಲ, ಅದಕ್ಕೇ ನಾವು ಗೊತ್ತುಮಾಡ್ಕೋಬೇಕು" ಎಂದರು. ಮುಂದಿನ ಸಾಲಿನಲ್ಲಿ ಕೂತಿದ್ದ ಮಗ ಎಲ್ಲರಿಗಿಂತ ಮೊದಲು ಚಪ್ಪಾಳೆ ಹೊಡೆದ. ಅವನ ಕಣ್ಣು ತುಂಬಿದ್ದನ್ನು ನಾನು ನೋಡಿದೆ, ಅವನು ಅದನ್ನು ಒರೆಸಿಕೊಳ್ಳಲೂ ಇಲ್ಲ.

ಈಗ ನಮ್ಮ ಬೀದಿಯಲ್ಲಿ ಹನ್ನೊಂದು ಮನೆಗಳಲ್ಲಿ ಹಕ್ಕಿತಟ್ಟೆ ಇದೆ. ನಮ್ಮ ಮನೆಯಲ್ಲೂ ಇದೆ, ಬಚ್ಚಲಿನ ಕಿಟಕಿಯ ಮುಂದೆ. ಹಕ್ಕಿಗಳು ಉಣ್ಣುವ ಹೊತ್ತಿನಲ್ಲಿ ಬೆಕ್ಕನ್ನು ಒಳಗೆ ಹಾಕಿ ಬಾಗಿಲು ಮುಚ್ಚುತ್ತೇನೆ. ಶನಿವಾರ ಬೆಳಿಗ್ಗೆ ದೊಡ್ಡಮ್ಮ ಜೇಬಿನಲ್ಲಿ ಕೈಯಿಟ್ಟುಕೊಂಡು ಮನೆ ಮನೆಗೆ ತಪಾಸಣೆಗೆ ಬರುತ್ತಾರೆ. ಅವರು ತಟ್ಟೆಯ ಅಡಿಭಾಗ ತಿರುಗಿಸಿ ನೋಡಿ ಒಂದು ಸಲ 'ಹೂಂ' ಎಂದರೆ ನನಗೆ ದಿನವೆಲ್ಲ ಖುಷಿ.

ಇದನ್ನು ಓದುತ್ತಿರುವ ಅಕ್ಕ ತಂಗಿಯರೇ, ಅಣ್ಣ ತಮ್ಮಂದಿರೇ, ನಿಮ್ಮಲ್ಲಿ ದೊಡ್ಡ ತೋಟ ಇರಬೇಕೆಂದೇನೂ ಇಲ್ಲ. ಮಾಳಿಗೆಯ ಮೂಲೆ ಸಾಕು, ಕಿಟಕಿಯ ಅಂಚು ಸಾಕು. ಇವತ್ತೇ ಒಂದು ಅಗಲ ಬಟ್ಟಲು ತಿಕ್ಕಿ ತೊಳೆದು, ಬೆಕ್ಕು ಅಡಗಲಾಗದ ಕಡೆ ನೀರಿಡಿ. ನಾಳೆ ಅದರ ಪಕ್ಕ ಒಂದು ತಟ್ಟೆಯಲ್ಲಿ ಒಂದು ಹಿಡಿ ಕಾಳು ಹಾಕಿ, ಒಂದೇ ಹಿಡಿ. ಬಟ್ಟಲನ್ನು ದಿನಾ ತೊಳೆಯಿರಿ, ತಟ್ಟೆಯನ್ನು ವಾರಕ್ಕೊಮ್ಮೆ. ಕಾಯಿಲೆಯ ಹಕ್ಕಿ ಕಂಡರೆ ಎರಡು ವಾರ ಎಲ್ಲ ನಿಲ್ಲಿಸಿ, ಪಶು ಆಸ್ಪತ್ರೆಗೆ ತಿಳಿಸಿ. ಹತ್ತು ದಿನ ಯಾರೂ ಬರದಿದ್ದರೆ ಬೇಸರಪಡಬೇಡಿ, ಅವು ಎಲ್ಲಿಂದಲೋ ನಿಮ್ಮನ್ನು ನೋಡುತ್ತಿರುತ್ತವೆ. ಮೊದಲ ಗುಬ್ಬಿ ಬಂದು ಕೂತ ದಿನ ಸದ್ದು ಮಾಡದೆ ಹೋಗಿ ಪಕ್ಕದ ಮನೆಯವರನ್ನು ಕರೆದು ತೋರಿಸಿ.